ಪಟ್ಟಿಯಲ್ಲಿಲ್ಲದ ನಿಲ್ದಾಣ

೧೪ ಜೂನ್ ೨೦೦೪, ಸೋಮವಾರ

ಇವತ್ತು ಬಸ್ಸು ನನ್ನನ್ನು ಬೀಳಿಸಿಯೇ ಹೋಗುತ್ತಿತ್ತು. ನಮ್ಮ ರಸ್ತೆ ಒನ್ ವೇ ಆಗಿ ಇನ್ನೂ ಹನ್ನೊಂದು ದಿನ, ಅಷ್ಟರಲ್ಲೇ ಅದಕ್ಕೆ ಕೊಬ್ಬು ಬಂದಿದೆ. ಮೊದಲು ಎರಡೂ ಕಡೆಯಿಂದ ಗಾಡಿ ಬರುತ್ತಿದ್ದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಮಾಧಾನವಾಗಿ ಹೋಗುತ್ತಿದ್ದರು. ಈಗ ಎಲ್ಲರೂ ಒಂದೇ ಕಡೆಗೆ ಓಡುತ್ತಾರೆ. ಹಿಂದಿನವನು ಹಾರ್ನ್ ಒತ್ತುತ್ತಾನೆ, ಮುಂದಿನವನು ಹೆದರಿ ಇನ್ನೂ ಜೋರಾಗಿ ಬಿಡುತ್ತಾನೆ. ಶಂಕರಪುರದಲ್ಲಿ ಇಷ್ಟು ಅವಸರ ಯಾರಿಗಿತ್ತೋ ನನಗೆ ತಿಳಿಯದು.

ಮುನಿರಾಮಪ್ಪ ಇವತ್ತು ರಜೆಯಂತೆ. ಬದಲಿ ಬಂದಿದ್ದ ಹೊಸ ಡ್ರೈವರ್‌ಗೆ ನನ್ನ ಪೋಲಿಯೋ ಕಾಲು, ಅದಕ್ಕೆ ಕಟ್ಟಿದ ಕಬ್ಬಿಣ, ಊರುಗೋಲು ಇವೆಲ್ಲ ಏನು ಗೊತ್ತು. ಗೋಲೆತ್ತಿ ಮೆಟ್ಟಿಲ ಮೇಲಿಡುವಷ್ಟರಲ್ಲಿ ಗಾಡಿ ಜರುಗಿತು. ಮೂಲೆಯಲ್ಲಿ ಸೊಪ್ಪು ಮಾರುವ ಸಪ್ಪಲಮ್ಮ ಬಸ್ಸಿನ ತಗಡು ಬಡಿದು, “ಮೇಡಮ್ಮೋರು ಹತ್ಲಿ ತಡಿಯಪ್ಪ” ಅಂದಿದ್ದಕ್ಕೆ ನಿಂತಿತು. ಟ್ರಾಫಿಕ್ ಪೊಲೀಸಿನವನು ಬೇರೆ, “ಇಲ್ಲಿ ಸ್ಟಾಪ್ ಎಲ್ಲಿದೆ, ಬೋರ್ಡ್ ತೋರ್ಸಿ ನೋಡೋಣ, ನಡೀರಿ” ಅಂತ ಶಿಳ್ಳೆ ಹಾಕಿದ. ಹದಿನಾರು ವರ್ಷದಿಂದ ಬೆಳಿಗ್ಗೆ ಎಂಟೂ ಮೂವತ್ತೈದಕ್ಕೆ ಇದೇ ಮೂಲೆಯಲ್ಲಿ ಮಲ್ಲೇಶ್ವರದ ಬಸ್ಸು ಹತ್ತಿ ಶಾಲೆಗೆ ಹೋಗಿದ್ದೇನೆ. ಈಗ ಬೋರ್ಡು ತೋರಿಸಬೇಕಂತೆ.

ಸಂಜೆ ತಮ್ಮ ರಾಘವ ಫೋನ್ ಮಾಡಿದ. “ಯಾಕಕ್ಕ ಒಬ್ಬಳೇ ಒದ್ದಾಡ್ತೀಯ, ಹನುಮಂತನಗರಕ್ಕೆ ಬಂದ್ಬಿಡು. ಮಧುರಾನೂ ಅದೇ ಹೇಳ್ತಾಳೆ.”

“ನಿನ್ನ ಮನೆ ಊಟ ಮಾಡಿಕೊಂಡು, ದಿನಾ ನಿನ್ನ ಹೆಂಡತಿ ಕೈಲಿ ಒಳ್ಳೇವಳು ಅನ್ನಿಸ್ಕೊಳ್ಳೋ ಶಕ್ತಿ ನನಗಿಲ್ಲಪ್ಪ” ಅಂದೆ. ನಕ್ಕ. ನಾನು ತಮಾಷೆಗೇನೂ ಹೇಳಿರಲಿಲ್ಲ.

೨೦ ಜೂನ್, ಭಾನುವಾರ

ಅರ್ಜಿ ಬರೆದು ಮುಗಿಸಿದೆ. ಮೂರು ಸಲ ತಿದ್ದಿದೆ. ಎಂಟನೇ ಕ್ಲಾಸಿಗೆ ಮನವಿ ಪತ್ರ ಬರೆಯುವುದು ಹೇಗೆಂದು ವರ್ಷಾ ವರ್ಷ ಕಲಿಸುವವಳು, ಪೌರನೀತಿ ಪಾಠವನ್ನೂ ಮಾಡುವವಳು, ನನ್ನದೇ ಮನವಿ ಅಡ್ಡಾದಿಡ್ಡಿ ಇದ್ದರೆ ಹೇಗೆ. ಕೇಳಿರುವುದು ಎರಡೇ: ಒಂದು ಬೋರ್ಡು, ಒಂದು ಚಿಕ್ಕ ತಂಗುದಾಣ. ನಾನು ಯಾರ ದಯೆಯನ್ನೂ ಬೇಡುತ್ತಿಲ್ಲ. ಇದ್ದದ್ದನ್ನು ಇದೆ ಎಂದು ಬರೆದುಕೊಳ್ಳಿ ಅಂತಿದ್ದೇನೆ, ಅಷ್ಟೇ.

ಮನೆಮನೆಗೆ ಹೋಗಿ ಮೂವತ್ತೆಂಟು ಸಹಿ ಹಾಕಿಸಿದೆ. ಎದುರು ಮನೆಯ ಏಕಾಂತಯ್ಯನವರು ಕನ್ನಡಕ ಹುಡುಕುವುದಕ್ಕೇ ಅರ್ಧ ಗಂಟೆ ತೆಗೆದುಕೊಂಡು, ಸಹಿ ಹಾಕಿ, ಕಾಫಿಯನ್ನೂ ಕೊಟ್ಟರು. ಸಪ್ಪಲಮ್ಮ ಮಾತ್ರ ಹೆಬ್ಬೆಟ್ಟು ಒತ್ತುವ ಮುಂಚೆ ಗೊಣಗಿದಳು.

“ಯಾಕಮ್ಮ ಕೆದಕ್ತೀರ. ನಡೀತಾ ಐತಲ್ಲ, ನಡೀಲಿ ಬುಡಿ. ಕಾಗ್ದ ಹೋದ್ರೆ ಅವ್ರ ಕಣ್ಣು ಬೀಳ್ತದೆ.”

“ಕಣ್ಣು ಬೀಳಲಿ ಅಂತಲೇ ಕೊಡ್ತಿರೋದು” ಅಂದೆ. ಹಕ್ಕು ಅಂದರೇನು, ಉಪಕಾರ ಅಂದರೇನು ಎಂದು ಅವಳಿಗೆ ಸಣ್ಣದೊಂದು ಭಾಷಣವನ್ನೇ ಮಾಡಿದೆ. ಅವಳು ಕೊತ್ತಂಬರಿಗೆ ನೀರು ಚಿಮುಕಿಸುತ್ತ ಕೇಳಿಸಿಕೊಂಡಳು.

೮ ಜುಲೈ, ಗುರುವಾರ

ಅರ್ಧ ದಿನ ರಜೆ ಹಾಕಿ ಬಸ್ಸಿನವರ ಕಚೇರಿಗೆ ಹೋಗಿದ್ದೆ. ಅರ್ಜಿ ಕೊಟ್ಟು ಎರಡು ವಾರವಾಯಿತಲ್ಲ. ವೀರಭದ್ರಯ್ಯ ಅಂತ ಒಬ್ಬರು ನೋಡುತ್ತಾರೆ. ಮರ್ಯಾದಸ್ಥರು, ಎದ್ದು ಬಂದು ಕುರ್ಚಿ ಹಾಕಿದರು. ದಪ್ಪ ಪುಸ್ತಕ ತೆಗೆದು ಬೆರಳಿಟ್ಟು ಕೆಳಗೆ ಇಳಿಸುತ್ತ ಹೋದರು. ಮತ್ತೆ ಮೇಲಿನಿಂದ ಇಳಿಸಿದರು.

“ಮೇಡಂ, ನಿಮ್ಮ ಮೂಲೆ ಪಟ್ಟಿಯಲ್ಲೇ ಇಲ್ಲ. ವೃತ್ತ ದಾಟಿ ಆಚೆ ಒಂದಿದೆ, ನಿಮ್ಮ ಕಡೆಗೆ ಅದೊಂದೇ.”

“ಹಾಗಾದ್ರೆ ಹದಿನಾರು ವರ್ಷ ನಾನು ಬಸ್ ಹತ್ತಿದ್ದೆಲ್ಲಿ?”

“ಅದನ್ನೇ ನಾನೂ ಯೋಚನೆ ಮಾಡ್ತಿದೀನಿ” ಅಂದರು. ವ್ಯಂಗ್ಯ ಅಲ್ಲ, ನಿಜವಾಗಿಯೂ ಯೋಚಿಸುತ್ತಿದ್ದರು.

ಆಮೇಲೆ ತಿಳಿಯಿತು. ಅಲ್ಲಿ ಯಾವತ್ತೂ ನಿಲ್ದಾಣ ಇರಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ಒಬ್ಬ ಡ್ರೈವರ್ ಯಾರಿಗೋ ನಿಲ್ಲಿಸಿದ, ಅವನ ನಂತರ ಬಂದವನೂ ನಿಲ್ಲಿಸಿದ, ಹಾಗೇ ಬಂತು. ಮುನಿರಾಮಪ್ಪ ನಾನು ಹತ್ತಿ ಕೂತು “ಹೂಂ” ಅನ್ನುವವರೆಗೆ ಗಾಡಿ ಬಿಡದೆ ಇದ್ದದ್ದೂ ಅವನ ಒಳ್ಳೆಯತನ ಅಷ್ಟೇ. ನಾನು ಅದನ್ನು ಸರ್ಕಾರದ ವ್ಯವಸ್ಥೆ ಅಂದುಕೊಂಡಿದ್ದೆ.

“ಅರ್ಜಿ ಕೊಟ್ಟಿದ್ದು ಒಳ್ಳೇದಾಯ್ತು, ಮೇಲಕ್ಕೆ ಕಳಿಸ್ತೀನಿ” ಅಂದರು ವೀರಭದ್ರಯ್ಯ. ಒಳ್ಳೆಯದೇ ಆಗಬೇಕು.

೧೯ ಜುಲೈ, ಸೋಮವಾರ

ಬಸ್ಸು ನಿಲ್ಲಲಿಲ್ಲ.

ಮುನಿರಾಮಪ್ಪನೇ ಇದ್ದ. ದೂರದಿಂದ ನೋಡಿ ಎಂದಿನಂತೆ ಗೋಲೆತ್ತಿದೆ. ಬಸ್ಸು ನಿಧಾನವಾಯಿತು. ಅವನು ಸ್ಟೇರಿಂಗ್ ಮೇಲಿಂದ ಒಂದು ಕೈ ತೆಗೆದು ಏನೋ ಸನ್ನೆ ಮಾಡಿದ, ಮುಖ ಮಾತ್ರ ಈ ಕಡೆ ತಿರುಗಿಸಲಿಲ್ಲ. ಹೋಗಿಬಿಟ್ಟ. ಹಿಂದಿನ ಬಸ್ಸೂ ಹೋಯಿತು, ಅದರ ಹಿಂದಿನದೂ. ಎಂಟು ಬಸ್ಸು ನೋಡಿದೆ. ಜೊತೆಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ವೃತ್ತದ ಕಡೆ ನಡೆದರು. ಏಕಾಂತಯ್ಯನವರ ಮಗಳು ಓಡುತ್ತಲೇ, “ಅಲ್ಲಿಗೆ ಬನ್ನಿ ಮಿಸ್” ಅಂತ ಕೂಗಿದಳು. ಬರಬೇಕಂತೆ.

ಆಟೋದಲ್ಲಿ ಹೋದೆ. ಮೊದಲ ಪೀರಿಯಡ್ ಮುಗಿದಿತ್ತು. ಹದಿನಾರು ವರ್ಷದಲ್ಲಿ ನಾನು ತಡವಾಗಿದ್ದು ಎರಡು ಸಲ, ಎರಡೂ ಬಂದ್ ದಿನ. ತಡವಾಗಿ ಬಂದ ಹುಡುಗಿಯರನ್ನು ಬಾಗಿಲಲ್ಲಿ ನಿಲ್ಲಿಸುವವಳು ಅಂತ ಹೆಸರು ನನಗೆ. ಇವತ್ತು ಅವರ ಮುಂದೆಯೇ ಟಕ್ ಟಕ್ ಅಂತ ಗೋಲೂರಿಕೊಂಡು ಹೋದೆ.

೨೦ ಜುಲೈ

ನಿಲ್ಲಲಿಲ್ಲ.

೩೧ ಜುಲೈ, ಶನಿವಾರ

ದಿನಾ ಆಟೋ ಆಗದ ಮಾತು. ಎಂಟು ದಿನದಿಂದ ವೃತ್ತದಾಚೆಯ ಸ್ಟಾಪಿಗೆ ನಡೆಯುತ್ತಿದ್ದೇನೆ. ಏಳೂವರೆಗೆ ಬಾಗಿಲು ಹಾಕುತ್ತೇನೆ. ಬೇರೆಯವರಿಗೆ ಏಳೆಂಟು ನಿಮಿಷದ ದಾರಿ. ನನಗೆ ದೂರಕ್ಕಿಂತ ದಾಟುವುದೇ ಕಷ್ಟ. ಒನ್ ವೇ ಆದ ಮೇಲೆ ಗಾಡಿಗಳ ನಡುವೆ ಬಿಡುವೇ ಇಲ್ಲ. ಉಳಿದವರು ಕೈ ಅಡ್ಡ ಹಿಡಿದು ಓಡಿ ದಾಟುತ್ತಾರೆ. ನಾನು ಕೈ ಅಡ್ಡ ಹಿಡಿದರೆ ಗೋಲು ಹಿಡಿಯುವವರು ಯಾರು. ಇವತ್ತು ಇಪ್ಪತ್ತೆರಡು ನಿಮಿಷ ಅಂಚಿನಲ್ಲಿ ನಿಂತಿದ್ದೆ, ಗಡಿಯಾರ ನೋಡಿದ್ದೇನೆ. ಒಬ್ಬ ಹುಡುಗ ಪಾಪ, “ಬನ್ನಿ ಆಂಟಿ” ಅಂತ ತೋಳು ಹಿಡಿದು ತನ್ನ ವೇಗಕ್ಕೆ ಎಳೆದುಕೊಂಡು ಹೊರಟ. ನಡುರಸ್ತೆಯಲ್ಲಿ ಗೋಲು ಕೈಬಿಟ್ಟಿತು. ಆಚೆ ಮುಟ್ಟಿದ ಮೇಲೆ ಅವನ ಮೇಲೆಯೇ ರೇಗಿಬಿಟ್ಟೆ. ಥ್ಯಾಂಕ್ಸ್ ಹೇಳಬೇಕಿತ್ತು.

ಪೇಪರಿನಲ್ಲಿ ಬಂದಿದೆ, ಒನ್ ವೇಯಿಂದ ಊರಾಚೆಯ ಹೊಸ ಲೇಔಟುಗಳಿಂದ ಮಾರ್ಕೆಟ್ಟಿಗೆ ಹತ್ತು ನಿಮಿಷ ಬೇಗ ತಲುಪಬಹುದಂತೆ. ಸಂತೋಷ. ಆ ಹತ್ತು ನಿಮಿಷ ಎಲ್ಲಿಂದ ಬಂತು ಅಂತ ಬರೆದಿಲ್ಲ. ನನ್ನ ಒಂದು ಗಂಟೆಯಲ್ಲಿ ಕಿತ್ತು ಕೊಟ್ಟಿದ್ದಾರೆ. ಊರು ದೊಡ್ಡದಾಗಬೇಕು, ಆಗಲಿ. ಆದರೆ ಅದು ಬೆಳೆಯುವುದು ನನ್ನ ಮೂಲೆಯ ಮೇಲೆ ಕಾಲಿಟ್ಟುಕೊಂಡೇ ಆಗಬೇಕಾ? ಸೋಮವಾರ ಕ್ಲಾಸಿನಲ್ಲಿ ಇದನ್ನು ಹೇಳಬೇಕು.

೧೫ ಆಗಸ್ಟ್, ಭಾನುವಾರ

ಧ್ವಜ ಹಾರಿಸುವುದಕ್ಕೆ ಹೋಗಲಿಲ್ಲ. ಬುಧವಾರ ವೃತ್ತದ ಹತ್ತಿರ ಬಿದ್ದೆ. ಯಾವ ಗಾಡಿಯೂ ತಾಗಲಿಲ್ಲ, ಒಂದು ಬೈಕು ಪಕ್ಕದಲ್ಲೇ ಹೋದಾಗ ಹೆದರಿ ನಾನೇ ಬಿದ್ದದ್ದು. ಮಂಡಿ ಊದಿದೆ, ಕಬ್ಬಿಣ ಕಟ್ಟಲಾಗುತ್ತಿಲ್ಲ. ಯಾರಿಗೂ ಹೇಳಿಲ್ಲ, ರಾಘವನಿಗಂತೂ ಇಲ್ಲ.

ಮಧ್ಯಾಹ್ನ ಮುನಿರಾಮಪ್ಪ ಬಂದ. ಖಾಕಿ ಇಲ್ಲದೆ ಗುರುತೇ ಸಿಗಲಿಲ್ಲ. ಬಾಳೆಹಣ್ಣು ತಂದಿದ್ದ. ಕುರ್ಚಿಯ ತುದಿಯಲ್ಲಿ ಕೂತ.

“ನಿಲ್ಲಿಸ್ಬಾರ್ದು ಅಂತ ಆರ್ಡರ್ ಬಂದದೆ ಮೇಡಂ. ಪಟ್ಟೀಲಿಲ್ದ ಕಡೆ ನಿಲ್ಲಿಸಿದ್ರೆ ಮೆಮೊ. ನಾನು ಒಂದ್ಸಲ ನಿಲ್ಲಿಸ್ದೆ, ಹೋದ ತಿಂಗ್ಳು, ಬ್ಯಾರೆಯೋರ್ಗೆ. ಕೊಟ್ಟೇಬುಟ್ರು. ರಿಟೈರ್ಮೆಂಟ್ ಹತ್ರ ಐತೆ.”

“ಇಷ್ಟು ವರ್ಷ ಇಲ್ಲದ್ದು ಈಗೇನು ಬಂತು?”

ಅವನು ಹೇಳಲೋ ಬೇಡವೋ ಅಂತ ನೋಡಿದ. “ಯಾರೋ ಅರ್ಜಿ ಕೊಟ್ರಂತೆ. ಬೋರ್ಡ್ ಹಾಕಿ ಅಂತ. ಆಗ ಪುಸ್ತಕ ತೆಗೆದು ನೋಡವ್ರೆ, ಅಲ್ಲಿ ಸ್ಟಾಪೇ ಇಲ್ಲ. ಅಲ್ದೆ ಇಂಥವು ಎಲ್ಲೆಲ್ಲಿ ಅವೆ ಅಂತ ರೂಟ್ ಪೂರ್ತಿ ಹುಡುಕಿ ಎಲ್ಲಾ ಬಂದ್ ಮಾಡವ್ರೆ.”

ಅವನಿಗೆ ಗೊತ್ತು. ನಾನೇ ಅಂತ ಗೊತ್ತಿದ್ದೇ ‘ಯಾರೋ’ ಅಂದ. ಕಾಫಿ ಕುಡಿದು ಹೋದ.

ನನ್ನ ಕೈಯಾರೆ ಮಾಡಿಕೊಂಡೆ. ಒಳ್ಳೆ ದುಂಡಕ್ಷರ, ಒಳ್ಳೆ ಒಕ್ಕಣೆ, ಮೂವತ್ತೆಂಟು ಸಹಿ. ನನ್ನ ಮೂಲೆ ಒಂದೇ ಅಲ್ಲ, ರೂಟಿನುದ್ದಕ್ಕೂ ಯಾವ ಯಾವ ಮೂಲೆಯಲ್ಲಿ ಯಾರ ಯಾರಿಗೆ ಬಸ್ಸು ನಿಲ್ಲುತ್ತಿತ್ತೋ, ಬಸುರಿಯರಿಗೋ ಮುದುಕರಿಗೋ, ಎಲ್ಲ ಹೋಯಿತು. ಅವರಿಗೆ ನನ್ನ ಹೆಸರೂ ಗೊತ್ತಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ.

೬ ಸೆಪ್ಟೆಂಬರ್, ಸೋಮವಾರ

ಮಂಡಿಯ ವಿಷಯ ರಾಘವನಿಗೆ ಗೊತ್ತಾಗಿ ಕೂಗಾಡಿದ. ಇವತ್ತಿನಿಂದ ಸ್ಕೂಟರ್‌ನಲ್ಲಿ ಬಿಡುತ್ತಾನೆ. ತಾತ್ಕಾಲಿಕ ಅಂತ ಖಡಾಖಂಡಿತ ಹೇಳಿದ್ದೇನೆ. ಅವನ ಫ್ಯಾಕ್ಟರಿ ಎಂಟಕ್ಕೆ ಶುರು, ಆದ್ದರಿಂದ ಏಳಕ್ಕೇ ನನ್ನನ್ನು ಶಾಲೆಯ ಗೇಟಿನಲ್ಲಿ ಇಳಿಸಿಬಿಡುತ್ತಾನೆ. ವಾಚ್‌ಮನ್ ದಾಸಪ್ಪ ಬೀಗ ತೆಗೆಯುವವರೆಗೆ ಕಟ್ಟೆಯ ಮೇಲೆ ಕೂರುತ್ತೇನೆ. ಸಂಜೆ ಅವನು ಬರುವುದು ಆರಕ್ಕೆ. ಸಂಜೆಯ ಬಸ್ಸು ಹಿಂದಿನ ರಸ್ತೆಯಲ್ಲಿ ಬರುತ್ತದೆ, ಅಲ್ಲಿ ದಾಟುವುದೇನಿಲ್ಲ, ನಾನೇ ಬರುತ್ತೇನೆ ಅಂದೆ. “ಬೇಡ ಅಕ್ಕ, ರಿಸ್ಕ್ ಯಾಕೆ” ಅಂದ. ಅವನು ಹೇಳಿದ್ದೂ ಒಂದು ರೀತಿ ಸರಿ.

೨೧ ಸೆಪ್ಟೆಂಬರ್, ಮಂಗಳವಾರ

ರಾಘವನಿಗೆ ಜ್ವರ. ನಿನ್ನೆ, ಇವತ್ತು ಎರಡು ದಿನ ಶಾಲೆ ಇಲ್ಲ. ಹೆಡ್‌ಮಿಸ್ ನಾರಾಯಣಮ್ಮನವರು ಫೋನಿನಲ್ಲಿ ಬಹಳ ಒಳ್ಳೆಯ ಮಾತಿನಲ್ಲಿ ಹೇಳಿದರು, ಹತ್ತನೇ ಕ್ಲಾಸು ಬೇರೆಯವರಿಗೆ ಕೊಡುತ್ತೇನೆ, ಪಬ್ಲಿಕ್ ಪರೀಕ್ಷೆ ನೋಡಿ, ತೊಂದರೆಯಾಗಬಾರದು. “ನಿಮಗೂ ಭಾರ ಕಡಿಮೆ” ಅಂದರು. ಹತ್ತನೇ ಕ್ಲಾಸಿನ ಪೀರಿಯಡ್ ನನಗೆ ಯಾವತ್ತೂ ಭಾರ ಆಗಿರಲಿಲ್ಲ. ಆಯಿತು ಅಂದೆ.

೧೧ ಅಕ್ಟೋಬರ್, ಸೋಮವಾರ

ವೀರಭದ್ರಯ್ಯನವರ ಮುಂದೆ ಅತ್ತುಬಿಟ್ಟೆ. ಬರೆಯುವುದಕ್ಕೆ ನಾಚಿಕೆ, ಆದರೂ ಬರೆಯುತ್ತೇನೆ. “ನನ್ನ ಅರ್ಜಿ ವಾಪಸ್ ಕೊಡಿ, ಹರಿದು ಹಾಕ್ತೀನಿ” ಅಂದೆ. “ಬೋರ್ಡ್ ಬೇಡ, ಏನೂ ಬೇಡ. ಯಾರಿಗೂ ಗೊತ್ತಾಗದ ಹಾಗೆ ಮೊದಲಿನ ಥರ ಒಂದೇ ನಿಮಿಷ ನಿಲ್ಲಿಸೋಕೆ ಹೇಳಿ ಸಾಕು.”

ಅವರು ನೀರು ತರಿಸಿದರು. “ಅದು ಈಗ ಕಾಗದ ಅಲ್ಲ ಮೇಡಂ, ಫೈಲ್ ಆಗಿದೆ. ವಾಪಸ್ ಬರಲ್ಲ. ಆದ್ರೆ ಸರ್ವೆಗೆ ಹಾಕಿಸಿದೀನಿ. ಒಬ್ಬರು ಬಂದು ಆ ಮೂಲೆಯಲ್ಲಿ ದಿನಾ ಎಷ್ಟು ಜನ ಹತ್ತುತ್ತಾರೆ ಅಂತ ಎಣಿಸ್ತಾರೆ. ಇಪ್ಪತ್ತೈದು ಜನ ಸಿಕ್ರೆ ಸ್ಟಾಪ್ ಮಂಜೂರಾಗುತ್ತೆ.”

“ಬಸ್ಸೇ ನಿಲ್ಲಿಸದೆ ಹತ್ತೋರನ್ನ ಎಣಿಸೋದು ಹೇಗೆ?”

ಕನ್ನಡಕ ತೆಗೆದು ಒರೆಸಿಕೊಂಡರು. “ಅದನ್ನೂ ಬರೆದಿದೀನಿ. ಹತ್ತೋರು ಇಲ್ಲದಿದ್ರೆ, ಇಲ್ಲಿ ಹತ್ತಬೇಕಾದವರು ಇದಾರೆ ಅಂತ ಊರಿನೋರು ಯಾರಾದ್ರೂ ಬಾಯಿಬಿಟ್ಟು ಹೇಳಿದ್ರೂ ನಡೆಯುತ್ತೆ. ನೀವು ಇರ್ತೀರಲ್ಲ.”

ಇರುತ್ತೇನೆ ಅಂದೆ. ಯಾವಾಗ ಬರುತ್ತಾರೋ ಅವರಿಗೂ ಗೊತ್ತಿಲ್ಲ. ಎರಡು ತಿಂಗಳಾಗಬಹುದು, ಆರಾಗಬಹುದು. ಹೊರಗೆ ರಾಘವ ಗಡಿಯಾರ ನೋಡಿಕೊಳ್ಳುತ್ತಿದ್ದ.

೫ ನವೆಂಬರ್

ಸಪ್ಪಲಮ್ಮ ಮೂಲೆ ಬಿಟ್ಟಳು. ಬಸ್ಸು ಇಳಿಯುವವರೇ ಅವಳ ಗಿರಾಕಿಗಳು, ಬಸ್ಸಿಲ್ಲದೆ ಸೊಪ್ಪು ಬಾಡುತ್ತಿತ್ತು. ಚಾಮರಾಜಪೇಟೆ ಕಡೆ ಜಾಗ ನೋಡಿದ್ದಾಳಂತೆ. ಹೋಗುವಾಗ ಒಂದು ಕಟ್ಟು ಮೆಂತ್ಯ ಗೇಟಿಗೆ ಸಿಕ್ಕಿಸಿ ಹೋಗಿದ್ದಾಳೆ. ಬೈದು ಹೋಗಿದ್ದರೆ ವಾಸಿ ಇತ್ತು.

೨೩ ನವೆಂಬರ್

ಶಾಲೆ. ಮನೆ. ಮಂಡಿ ನೋವು. ಪೌರನೀತಿಯಲ್ಲಿ ಸ್ಥಳೀಯ ಸರ್ಕಾರದ ಪಾಠ ಓದಿಸಿದೆ, ಹುಡುಗಿಯರ ಕೈಲೇ ಓದಿಸಿದೆ. ಪ್ರಶ್ನೆ ಕೇಳಲಿಲ್ಲ.

೧೭ ಡಿಸೆಂಬರ್, ಶುಕ್ರವಾರ

ಜನವರಿಯಿಂದ ರಾಘವನಿಗೆ ಶಿಫ್ಟ್ ಬದಲು, ಫ್ಯಾಕ್ಟರಿಯೂ ಹೊಸೂರು ರಸ್ತೆಗೆ ಹೋಗುತ್ತಿದೆ. ಇನ್ನು ಬಿಡಲಾಗುವುದಿಲ್ಲ. ಬಹಳ ಬೇಜಾರು ಮಾಡಿಕೊಂಡ ಪಾಪ. ಅವನ ಮಗಳು ಆರಾಧನಾ, “ಅತ್ತೆ ನಮ್ಮನೆಗೇ ಬರ್ಲಿ, ನಂಗೆ ಕನ್ನಡ ಹೇಳ್ಕೊಡ್ಲಿ” ಅಂದಳಂತೆ. ಮಧುರಾ ಒಳ್ಳೆಯವಳು. ನಾನೇ ಸುಮ್ಮನೆ ಏನೇನೋ ಅನ್ನುತ್ತಿದ್ದೆ.

ಒಂದು ಸಲ ನಾನೇ ಹೋಗಿ ನೋಡೋಣ ಅಂತ ಇವತ್ತು ವೃತ್ತದವರೆಗೆ ನಡೆದೆ. ಅಂಚಿನಲ್ಲಿ ನಿಂತೆ. ಕಾಲು ಮುಂದೆ ಹೋಗಲಿಲ್ಲ. ಒಳ್ಳೇ ಕಾಲೇ ಹೋಗಲಿಲ್ಲ. ಗಾಡಿ ಕಮ್ಮಿ ಇತ್ತು, ಎರಡು ಸಲ ರಸ್ತೆ ಪೂರ್ತಿ ಖಾಲಿಯಾಗಿತ್ತು, ಆದರೂ ಹೋಗಲಿಲ್ಲ. ಬೆವರಿ ನೀರಾಗಿ ವಾಪಸು ಬಂದೆ. ನನಗೆ ಭಯವಾಗುತ್ತಿದೆ. ರಸ್ತೆಯ ಭಯ ಅಲ್ಲ, ಬೇರೆ.

೨೪ ಜನವರಿ ೨೦೦೫, ಸೋಮವಾರ

ರಾಘವ ರಜೆ ಹಾಕಿ ನನ್ನನ್ನು ಶಾಲೆಗೆ ಕರೆದುಕೊಂಡು ಹೋದ. ನಾರಾಯಣಮ್ಮನವರು, “ಗೋದಾ, ನಿಮ್ಮ ಮನಸ್ಸಿನಲ್ಲಿ ಏನಿದೆ?” ಅಂದರು. ಏನಿದೆ ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ರಾಘವ, “ಅಕ್ಕಂಗೆ ಸಾಕಾಗಿದೆ ಮೇಡಂ. ಸ್ವಯಂ ನಿವೃತ್ತಿ ತಗೋತಾಳೆ. ಮನೇಲೇ ನಾಲ್ಕು ಮಕ್ಕಳಿಗೆ ಹೇಳ್ಕೊಡ್ತಾಳೆ” ಅಂದ. ಚೆನ್ನಾಗಿ ಹೇಳಿದ, ಎಲ್ಲೂ ತಡವರಿಸಲಿಲ್ಲ. ನಾನು ಸಹಿ ಹಾಕಿದೆ. ನಾರಾಯಣಮ್ಮನವರ ಕಣ್ಣಲ್ಲಿ ನೀರಿತ್ತು. ಅವರೇಕೆ ಅತ್ತರೋ.

೧೦ ಮಾರ್ಚ್, ಗುರುವಾರ

ಇವತ್ತು ಮನೆ ಖಾಲಿ ಮಾಡಿದೆವು. ರಾಘವ ಟೆಂಪೋ ಕರೆತರಲು ಹೋಗಿದ್ದ. ನಾನು ಗೇಟಿನ ಹತ್ತಿರ ಗಂಟುಮೂಟೆಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದೆ. ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಕಾಗದ ಹಿಡಿದು ಒಬ್ಬರು ಮೂಲೆಯಿಂದ ನಡೆದು ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ನೀರು ಕೇಳಿದರು. ಹೂಜಿ ಇನ್ನೂ ಕಟ್ಟಿರಲಿಲ್ಲ, ಕೊಟ್ಟೆ.

“ಬಸ್ಸಿನ ಸರ್ವೆಗೆ ಬಂದಿದೀನಮ್ಮ. ಮೂರು ದಿನದಿಂದ ಆ ಮೂಲೇಲಿ ನಿಂತಿದೀನಿ, ಒಬ್ರೂ ಬಸ್ಸಿಗೆ ಕಾಯೋರಿಲ್ಲ. ಇಲ್ಲಿ ಯಾರಾದ್ರೂ ಹತ್ತೋರು ಇದಾರಾ?”

“ಇಲ್ಲ” ಅಂದೆ.

“ನೀವು?”

“ನಾನೆಲ್ಲೂ ಹೋಗಲ್ಲ.”

ಅವರು ಕಾಗದ ಮಗುಚಿ ನೋಡಿದರು. “ಗೋದಾ ಅಂತ ಒಬ್ಬರು ಟೀಚರ್ ಅರ್ಜಿ ಕೊಟ್ಟಿದಾರೆ. ಇದೇ ಬೀದಿ ವಿಳಾಸ ಇದೆ. ಅವರು ಬಾಯಲ್ಲಿ ಒಂದು ಮಾತು ಹೇಳಿದ್ರೂ ಬರ್ಕೋತೀನಿ. ನೀವು ನೋಡಿದೀರಾ ಅವರನ್ನ?”

“ಅವರು ಮನೆ ಖಾಲಿ ಮಾಡಿಕೊಂಡು ಹೋದ್ರು” ಅಂದೆ.

ಸರಿ ಅಂತ ಬರೆದುಕೊಂಡರು. ಕೆಳಗೆ ಒಂದು ಸೊನ್ನೆ ಹಾಕಿ ಸಹಿ ಮಾಡಿದರು. ಲೋಟ ವಾಪಸ್ ಕೊಟ್ಟು, ತಣ್ಣಗಿತ್ತು ನೀರು ಅಂದರು. ಒಳ್ಳೆಯ ಮನುಷ್ಯ.

ಹಾಗೇಕೆ ಅಂದೆನೋ. ಸುಳ್ಳಂತೂ ಅಲ್ಲ. ವಿವರಿಸುತ್ತ ಕೂತಿದ್ದರೆ ಟೆಂಪೋದವನು ಕಾಯಬೇಕಾಗುತ್ತಿತ್ತು, ರಾಘವನಿಗೆ ಅದು ಹಿಡಿಸುವುದಿಲ್ಲ.